ಗಂಧಕದ ನೀರಿನ ತೀರ್ಥಕ್ಕೆ ಹೋಗುವವರಿಗೆ: ಕಾರವಾರದಿಂದ ರಾಜಾಪುರ, ಹಾಗೇ ಮುಂದೆ ಇಟಲಿಯ ಮೆಫೀತೆ ತನಕ

ಮೊದಲೇ ಹೇಳಿಬಿಡುತ್ತೇನೆ, ಗಂಧಕದ ವಾಸನೆ ಹೊಡೆಯುವ ತೀರ್ಥಗಳಲ್ಲಿ ಎರಡು ಜಾತಿ. ಒಂದರಲ್ಲಿ ಇಳಿದು ಸ್ನಾನ ಮಾಡಬಹುದು. ಇನ್ನೊಂದಕ್ಕೆ ದೂರದಿಂದಲೇ ಕೈ ಮುಗಿದು ವಾಪಸ್ ಬರಬೇಕು. ಎರಡೂ ಕಡೆ ದೇವರಿದ್ದಾರೆ, ಎರಡಕ್ಕೂ ಕಥೆ ಇದೆ, ಎರಡೂ ಒಂದೇ ಥರ ನಾರುತ್ತವೆ. ಯಾವುದು ಯಾವ ಜಾತಿ ಅಂತ ಗೊತ್ತಿಲ್ಲದೆ ಸುಮ್ನೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುವುದು ಮಾತ್ರ ಬೇಡ.

ನಮ್ಮ ಉತ್ತರ ಕನ್ನಡದಲ್ಲಿ ತೀರ್ಥಗಳಿಗೆ ಬರ ಇಲ್ಲ. ಗೋಕರ್ಣದ ಕೋಟಿತೀರ್ಥ ಇದೆ, ಹೊನ್ನಾವರದ ರಾಮತೀರ್ಥ ಇದೆ. ಆದರೆ ಹೆಸರಾದ ಬಿಸಿನೀರಿನ ಬುಗ್ಗೆ ನಮ್ಮಲ್ಲಿಲ್ಲ. ಅದಕ್ಕೆ ಒಂದೋ ತೆಂಕಣಕ್ಕೆ, ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥಕ್ಕೆ ಹೋಗಬೇಕು. ಇಲ್ಲಾ ಬಡಗಣಕ್ಕೆ, ಗೋವಾ ದಾಟಿ ರತ್ನಾಗಿರಿ ಜಿಲ್ಲೆಗೆ. ನಾನು ಬಡಗಣದ ದಾರಿ ಹೇಳುತ್ತೇನೆ. ಕಾರಣ ಇಷ್ಟೇ, ಅಲ್ಲಿ ಒಂದಲ್ಲ, ಸಾಲಾಗಿ ಇವೆ. ಪಾಲ್ಘರ್ ಕಡೆಯಿಂದ ಶುರುವಾಗಿ ರಾಜಾಪುರದವರೆಗೆ ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಸುಮಾರು 350 ಕಿಲೋಮೀಟರ್ ಉದ್ದಕ್ಕೆ ಬಿಸಿನೀರಿನ ಬುಗ್ಗೆಗಳು ಹರಡಿವೆ. ನಮಗೆ ಹತ್ತಿರದ್ದು ರಾಜಾಪುರದ್ದು.

ಹೊರಡುವ ಮೊದಲು ಮೂಗಿನ ಪಾಠ

ಗಂಧಕದ ವಾಸನೆ ಅಂತ ನಾವು ಕರೆಯುವುದು ನಿಜವಾಗಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲದ ವಾಸನೆ. ಬರೀ ಗಂಧಕದ ಪುಡಿಗೆ ಅಷ್ಟು ನಾತ ಇರುವುದಿಲ್ಲ. ಪುಸ್ತಕದಲ್ಲೆಲ್ಲ ‘ಕೊಳೆತ ಮೊಟ್ಟೆಯ ವಾಸನೆ’ ಅಂತ ಬರೆದಿರುತ್ತಾರೆ. ಮೊಟ್ಟೆಯನ್ನೇ ಮನೆಯೊಳಗೆ ತರದ ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದರಿಂದ ಏನೂ ತಿಳಿಯುವುದಿಲ್ಲ ಅಲ್ವಾ? ಅಂಥವರು ಗೋಬರ್ ಗ್ಯಾಸ್ ಒಲೆಯನ್ನು ನೆನಪು ಮಾಡಿಕೊಳ್ಳಿ. ವಾಲ್ವ್ ತಿರುಗಿಸಿ ಕಡ್ಡಿ ಗೀರುವುದರೊಳಗೆ ಮೂಗಿಗೆ ಬಡಿಯುತ್ತದಲ್ಲ, ಅದರಲ್ಲಿ ಇದೇ ಅನಿಲ ಇರುತ್ತದೆ.

ಕರಾವಳಿಯವರಿಗೆ ಇನ್ನೂ ಸುಲಭ. ಇಳಿತದ ಹೊತ್ತಿಗೆ ಕಾಳಿ ನದಿಯ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಹೋಗಿ ನಿಲ್ಲಿ, ಇಲ್ಲಾ ಕುಮಟಾ ಕಡೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ ಬದುವಿಗೆ ಹೋಗಿ. ಕೆಸರಿಗೆ ಒಂದು ಕಾಲಿಡಿ. ಮೇಲೆ ಬೂದು ಬಣ್ಣದ ಒಂದು ಪದರ ಇರುತ್ತದೆ, ಅದರ ಕೆಳಗೆ ಕಾಡಿಗೆಯಷ್ಟು ಕಪ್ಪು ಮಣ್ಣು. ಕಾಲು ಎಳೆದ ಕೂಡಲೇ ಗುಳುಕ್ ಅಂತ ಒಂದೆರಡು ಗುಳ್ಳೆ ಬರುತ್ತವೆ, ಹಿಂದೆಯೇ ಆ ನಾತ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಧಾರಾಳ. ಗಾಳಿ ಹೋಗದ ಕೆಸರಿನೊಳಗಿನ ಬ್ಯಾಕ್ಟೀರಿಯಾ ಅದನ್ನು ಉಸಿರಾಟಕ್ಕೆ ಬಳಸಿಕೊಂಡು ಈ ಅನಿಲವನ್ನು ಹೊರಗೆ ಬಿಡುತ್ತವೆ. ಕೆಸರು ಕಪ್ಪಾಗುವುದೂ ಅದರಿಂದಲೇ, ಅನಿಲ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಬಯಲಲ್ಲಿ, ಸಮುದ್ರದ ಗಾಳಿ ಬೀಸುವಲ್ಲಿ ಇದರಿಂದ ಭಯ ಇಲ್ಲ. ಸುಮ್ನೆ ವಾಸನೆ ಗುರುತು ಮಾಡಿಕೊಳ್ಳಿ.

ಈಗ ಈ ಬರಹದಲ್ಲಿ ಬೇರೇನು ಮರೆತರೂ ಮರೆಯಬಾರದ ಮಾತು. ನಾತ ಬಂದಾಗ ಹೆದರಬೇಡಿ, ಬರುತ್ತಿದ್ದ ನಾತ ತಟ್ಟನೆ ನಿಂತರೆ ಹೆದರಿ. ಈ ಅನಿಲ ಗಾಳಿಯಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಅದೇ 100 ಪಾಲಿನ ಹತ್ತಿರ ಹೋಯಿತೆಂದರೆ ಕೆಲವೇ ನಿಮಿಷದಲ್ಲಿ ಮೂಗಿನ ನರ ಮರಗಟ್ಟುತ್ತದೆ, ವಾಸನೆಯೇ ತಿಳಿಯುವುದಿಲ್ಲ. ‘ಹಾಂ, ಈಗ ರೂಢಿ ಆಯ್ತು’ ಅಂದುಕೊಂಡು ಅಲ್ಲೇ ಕೂರುತ್ತೀರಿ. 500 ದಾಟಿದರೆ ಕುಸಿದು ಬೀಳುವುದಕ್ಕೆ ಜಾಸ್ತಿ ಹೊತ್ತು ಬೇಡ. ಜೊತೆಗೆ ಇದು ಗಾಳಿಗಿಂತ ಭಾರ. ತಗ್ಗಿನಲ್ಲಿ, ಕುಂಡದ ಒಳಗೆ, ಮುಚ್ಚಿದ ಕೋಣೆಯ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ನಿಂತವರಿಗಿಂತ ಕೂತವರಿಗೆ, ದೊಡ್ಡವರಿಗಿಂತ ಮಕ್ಕಳಿಗೆ ಮೊದಲು ತಟ್ಟುತ್ತದೆ.

ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಹಳೇ ಪದ್ಧತಿ ನಮ್ಮಲ್ಲಿದೆ. ದೀಪ ಆರಿದರೆ ಇಳಿಯಬಾರದು. ಅದು ಒಳ್ಳೇ ಪದ್ಧತಿಯೇ, ಆದರೆ ಅದರಿಂದ ತಿಳಿಯುವುದು ಆಮ್ಲಜನಕ ಕಡಿಮೆಯಾಗಿದೆ ಅನ್ನುವುದಷ್ಟೇ. ಹೈಡ್ರೋಜನ್ ಸಲ್ಫೈಡ್ ಮನುಷ್ಯನನ್ನು ಬೀಳಿಸುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರಬಹುದು. ಗೋಬರ್ ಗ್ಯಾಸ್ ಗುಂಡಿಯಲ್ಲಂತೂ ದೀಪ ಇಳಿಸುವ ಯೋಚನೆಯನ್ನೇ ಮಾಡಬೇಡಿ, ಮಿಥೇನ್‌ಗೆ ಬೆಂಕಿ ಹತ್ತುತ್ತದೆ.

ರಾಜಾಪುರದ ದಾರಿ

ಕಾರವಾರದಿಂದ ಹೊರಟರೆ ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಕದಲುವ ಕೆಲಸ ಇಲ್ಲ. ಮಾಜಾಳಿ ಗೇಟ್ ದಾಟಿ ಕಾಣಕೋಣ, ಮಡಗಾಂವ್, ಪಣಜಿ, ಆಮೇಲೆ ಕುಡಾಳ್, ಕಣಕವಲಿ, ಅಲ್ಲಿಂದ ರಾಜಾಪುರ. ಬೆಳಗಿನ ಜಾವ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದು, ಗೋವಾದೊಳಗೆ ಟ್ರಾಫಿಕ್ ಕೈ ಕೊಡದಿದ್ದರೆ. ಗೋವಾದಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಬಾಟಲಿ ತುಂಬಿಕೊಂಡು ಮಹಾರಾಷ್ಟ್ರದ ಗಡಿ ದಾಟಬೇಡಿ, ತಪಾಸಣೆ ಇರುತ್ತದೆ. ತೀರ್ಥಯಾತ್ರೆಗೆ ಹೊರಟವರಿಗೆ ಇದನ್ನು ಹೇಳಬೇಕಾ ಅಂತ ಕೇಳಬಹುದು. ಹೇಳಬೇಕು, ನಮ್ಮವರನ್ನು ನಾನು ಬಲ್ಲೆ.

ಕೊಂಕಣ ರೈಲ್ವೆಯಲ್ಲಿ ಹೋಗುವವರು ಒಂದು ವಿಷಯ ಗಮನಿಸಿ. ‘ರಾಜಾಪುರ ರೋಡ್’ ಸ್ಟೇಷನ್ ರಾಜಾಪುರ ಊರಿನಲ್ಲಿಲ್ಲ, ಸಾಕಷ್ಟು ದೂರ ಇದೆ. ನಮ್ಮ ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದು ‘ಸಮುದ್ರ ಎಲ್ಲಿ?’ ಅಂತ ಕೇಳುವ ಬೆಂಗಳೂರಿನವರ ಗತಿಯೇ ಅಲ್ಲಿ ನಿಮ್ಮದಾಗುತ್ತದೆ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಟೈಮ್‌ಟೇಬಲ್ ನೋಡಿ, ಸ್ಟೇಷನ್ನಿನಿಂದ ಊರಿಗೆ ರಿಕ್ಷಾ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಭಾಷೆಯ ಚಿಂತೆ ಬೇಡ. ಕಾರವಾರ, ಅಂಕೋಲಾದವರ ಕೊಂಕಣಿ ಸಿಂಧುದುರ್ಗದ ತನಕ ಆರಾಮಾಗಿ ನಡೆಯುತ್ತದೆ, ರಾಜಾಪುರದಲ್ಲೂ ಪರಸ್ಪರ ಅರ್ಥವಾಗುತ್ತದೆ. ಘಟ್ಟದ ಮೇಲಿನವರು ‘ಗರಮ್ ಪಾಣ್ಯಾಚೆ ಕುಂಡ ಕುಠೆ?’ ಅಂತ ಕೇಳಿದರೆ ಸಾಕು, ಅಂಗಡಿಯವರು ಕೈ ತೋರಿಸುತ್ತಾರೆ.

ರಾಜಾಪುರ ಸಾಮಾನ್ಯ ಊರಲ್ಲ. ಒಂದು ಕಾಲಕ್ಕೆ ದೊಡ್ಡ ಬಂದರು. ನಮ್ಮ ಕಾರವಾರದಲ್ಲಿ ಇದ್ದ ಹಾಗೆ ಅಲ್ಲೂ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು, 1661ರಲ್ಲಿ ಶಿವಾಜಿ ಅದನ್ನು ಲೂಟಿ ಮಾಡಿದ. ಬಿಸಿನೀರು ಇರುವುದು ಪಕ್ಕದ ಉನ್ಹಾಳೆ ಅನ್ನುವ ಹಳ್ಳಿಯಲ್ಲಿ, ಅರ್ಜುನಾ ನದಿಯ ಬದಿಗೆ. ಅಲ್ಲೇ ಮಹಿಷಾಸುರಮರ್ದಿನಿಯ ಗುಡಿ. ನೀರು ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಂದರೆ ನಮ್ಮ ಬಚ್ಚಲುಮನೆಯ ಹಂಡೆ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಂಡಷ್ಟು. ಮೊದಲ ಸಲ ಹೋಗುವವರಿಗೆ ಇದೇ ಸರಿ.

ಇನ್ನೂ ಉತ್ತರಕ್ಕೆ ಹೋದರೆ ಸಂಗಮೇಶ್ವರ ದಾಟಿದ ಮೇಲೆ ತುರಳ್, ಅದರಾಚೆ ಅರವಲಿ. ಎರಡೂ ಹೆದ್ದಾರಿಗೆ ಹತ್ತಿರವೇ. ತುರಳ್‌ನ ನೀರು 60 ಡಿಗ್ರಿ ದಾಟುತ್ತದೆ. ಆ ಶಾಖಕ್ಕೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಬುಗ್ಗೆ ಏಳುವ ಜಾಗಕ್ಕೆ ನೇರ ಕಾಲು ಹಾಕುವ ಧೈರ್ಯ ಬೇಡ. ಖೇಡ್ ಕಡೆಯ ಉನ್ಹವರೆಯಲ್ಲಿ ಇನ್ನೂ ಬಿಸಿ, ಸುಮಾರು 70 ಡಿಗ್ರಿ. ಈ ಹೆದ್ದಾರಿಯ ಅಗಲೀಕರಣ ವರ್ಷಗಟ್ಟಲೆ ನಡೆದೇ ಇದೆ. ಅಂಕೋಲಾ, ಕುಮಟಾದ ಕಡೆ ಧೂಳು ಕುಡಿದು ಅಭ್ಯಾಸ ಇದ್ದವರಿಗೆ ವಿಶೇಷ ಅನ್ನಿಸಲಿಕ್ಕಿಲ್ಲ.

ಈ ನೀರು ಬಿಸಿ ಆಗುವುದು ಹೇಗೆ ಅಂತ ಗಾಡಿಯಲ್ಲಿ ಮಕ್ಕಳು ಕೇಳುತ್ತಾರೆ, ಉತ್ತರ ಇಟ್ಟುಕೊಳ್ಳಿ. ಅಲ್ಲಿ ಈಗ ಜ್ವಾಲಾಮುಖಿ ಇಲ್ಲ. ಅಲ್ಲಿನ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ಲಾವಾ, ಅದು ಯಾವತ್ತೋ ತಣ್ಣಗಾಗಿದೆ. ನೀರು ಮಳೆಯದ್ದೇ. ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸುಮಾರು 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಅಷ್ಟು ಕೆಳಗೆ ಕಾದ ನೀರು ಇನ್ನೊಂದು ಬಿರುಕು ಸಿಕ್ಕಿದಲ್ಲಿ ಮೇಲೆ ಬರುತ್ತದೆ. ದಾರಿಯಲ್ಲಿ ಬಂಡೆಯಿಂದ ಉಪ್ಪು, ಸಲ್ಫೇಟ್ ಎಲ್ಲ ಹೊತ್ತು ತರುತ್ತದೆ.

ಗಂಗೆ ಬಂದಳಾ, ವಿಚಾರಿಸಿ

ರಾಜಾಪುರಕ್ಕೆ ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಬೇಕಾದ ಒಂದು ಸಂಗತಿ ಇದೆ. ಉನ್ಹಾಳೆಗೆ ಹತ್ತಿರವೇ ‘ರಾಜಾಪುರಚಿ ಗಂಗಾ’ ಇದೆ. ಅದು ಬಿಸಿನೀರಿನ ಬುಗ್ಗೆಗಿಂತ ಬೇರೆ. ಕಲ್ಲು ಕಟ್ಟಿದ 14 ಕುಂಡಗಳು, ಹೆಚ್ಚಿನ ಕಾಲ ಒಣಗಿ ಬಿದ್ದಿರುತ್ತವೆ. ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಇದ್ದಕ್ಕಿದ್ದಂತೆ ನೀರು ಬರುತ್ತದೆ, ಕೆಲವು ತಿಂಗಳು ಹರಿದು ಮತ್ತೆ ಮಾಯ. ಈ ಲೆಕ್ಕ ಪಂಚಾಂಗದ ಹಾಗೆ ಕಟ್ಟುನಿಟ್ಟಲ್ಲ, ಬೇಗ ಬಂದದ್ದೂ ಇದೆ. ಒಂದು ಕುಂಡದ ನೀರಿಗೂ ಪಕ್ಕದ ಕುಂಡದ ನೀರಿಗೂ ಶಾಖದಲ್ಲಿ ವ್ಯತ್ಯಾಸ ಇರುತ್ತದೆ, ಕೈ ಅದ್ದಿದರೆ ಗೊತ್ತಾಗುತ್ತದೆ.

ಕಥೆ ಕೇಳಿ. ಗಂಗಾಜಿ ಸಾಳುಂಕೆ ಅನ್ನುವ ರೈತ ವರ್ಷಾ ವರ್ಷ ಪಂಢರಪುರಕ್ಕೆ ನಡೆದು ಹೋಗುತ್ತಿದ್ದನಂತೆ. ವಯಸ್ಸಾಯಿತು, ಕಾಲು ಸೋತಿತು, ಯಾತ್ರೆ ತಪ್ಪಿತು. ಹೊಲದಲ್ಲಿ ಕೂತು ಅತ್ತಾಗ ಗಂಗೆಯೇ ಅವನ ಹೊಲಕ್ಕೆ ಬಂದಳು. ನೆಲದೊಳಗೆ ಸೈಫನ್ ಥರದ ಒಂದು ಪೊಳ್ಳು ಇರಬೇಕು, ನೀರು ಒಂದು ಮಟ್ಟಕ್ಕೆ ತುಂಬಿದಾಗ ಉಕ್ಕಿ ಹರಿದು, ಖಾಲಿಯಾದ ಮೇಲೆ ಮತ್ತೆ ತುಂಬುವ ತನಕ ನಿಲ್ಲುತ್ತದೆ ಅನ್ನುವುದು ಭೂವಿಜ್ಞಾನದ ಕಡೆಯ ವಿವರಣೆ. ಎರಡನ್ನೂ ಜೊತೆಗೆ ಇಟ್ಟುಕೊಳ್ಳಲು ನನಗೇನೂ ಕಷ್ಟವಿಲ್ಲ. ಯಾಣಕ್ಕೆ ಹೋದಾಗ ಸುಣ್ಣಕಲ್ಲಿನ ವಿಷಯವನ್ನೂ ಹೇಳುತ್ತೇವೆ, ಭಸ್ಮಾಸುರ ಸುಟ್ಟು ಬೂದಿಯಾದದ್ದರಿಂದ ಮಣ್ಣು ಕಪ್ಪು ಅಂತಲೂ ಹೇಳುತ್ತೇವೆ.

ಇದೇ ಸಾಲಿನಲ್ಲಿ, ಮುಂಬೈ ಕಡೆ ಹೋದವರು ವಜ್ರೇಶ್ವರಿ, ಗಣೇಶಪುರಿ ನೋಡಬಹುದು. ಠಾಣೆ ಜಿಲ್ಲೆ, ತಾನ್ಸಾ ನದಿಯ ದಡ. ಅಲ್ಲಿ ನೀರು ಬಿಸಿಯಾಗಿರುವುದು ದೇವಿ ಕೊಂದ ರಾಕ್ಷಸರ ರಕ್ತದಿಂದ ಅಂತ ಕಥೆ. ಈಗಿನ ವಜ್ರೇಶ್ವರಿ ಗುಡಿ ಕಟ್ಟಿಸಿದ್ದು ಪೇಶ್ವೆ ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ, 1739ರಲ್ಲಿ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದ ಹರಕೆಗೆ. ಗಣೇಶಪುರಿಗೆ ನಮ್ಮ ಕರಾವಳಿಯವರು ಹೋಗುವುದು ಹೆಚ್ಚಾಗಿ ನಿತ್ಯಾನಂದ ಸ್ವಾಮಿಗಳ ಸಮಾಧಿಗೆ. ಅವರು 1961ರಲ್ಲಿ ತೀರಿಕೊಂಡದ್ದು ಅಲ್ಲೇ. ಸಮಾಧಿ ನೋಡಿ ಕುಂಡ ನೋಡದೆ ಬರುವವರೂ ಇದ್ದಾರೆ, ಅದು ಸರಿಯಲ್ಲ.

ಕುಂಡಕ್ಕೆ ಇಳಿಯುವ ಕ್ರಮ

ಬಂದ ಕೂಡಲೇ ಧುಮುಕಬೇಡಿ. ಹರಿಯುವ ನೀರು ಇದ್ದಲ್ಲಿ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು. ಐದು ನಿಮಿಷ ಹಾಗೇ ಕೂತು, ಸರಿ ಅನ್ನಿಸಿದರೆ ಸೊಂಟದ ತನಕ. ಹತ್ತು ಹದಿನೈದು ನಿಮಿಷ ಸಾಕು. ಎದ್ದಾಗ ತಲೆ ಸುತ್ತುತ್ತದೆ, ಯಾಕೆಂದರೆ ಬಿಸಿಗೆ ರಕ್ತನಾಳ ಹಿಗ್ಗಿ ಒತ್ತಡ ಇಳಿದಿರುತ್ತದೆ. ಅದಕ್ಕೆ ಮೆಲ್ಲಗೆ ಏಳಿ, ಯಾರದ್ದಾದರೂ ಕೈ ಹಿಡಿದುಕೊಳ್ಳಿ. ಹೃದಯದ ತೊಂದರೆ ಇದ್ದವರು, ಬಿಪಿ ಮಾತ್ರೆ ತಿನ್ನುವವರು, ಗರ್ಭಿಣಿಯರು ಮೈ ಪೂರ್ತಿ ಮುಳುಗಿಸುವುದು ಬೇಡ. ಕಾಲು ಇಳಿಬಿಟ್ಟು ಕೂತರೂ ಪುಣ್ಯ ಬರುತ್ತದೆ. ಸಕ್ಕರೆ ಕಾಯಿಲೆಯವರು ಕಾಲಿನಿಂದ ಶಾಖ ಅಳೆಯಲೇಬಾರದು, ಪಾದದ ಸ್ಪರ್ಶ ಮಂದವಾಗಿರುತ್ತದೆ, ಸುಟ್ಟದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಅವರಿಗೆ ಮೊಣಕೈ ಪರೀಕ್ಷೆ.

ಮುಳುಗು ಹಾಕುವ ವಿಷಯದಲ್ಲಿ ಹಿರಿಯರಿಗೆ ನನ್ನ ಮಾತು ಹಿಡಿಸುವುದಿಲ್ಲ. ತೀರ್ಥ ಅಂದಮೇಲೆ ಮೂರು ಮುಳುಗು ಹಾಕಲೇಬೇಕು ಅನ್ನುತ್ತಾರೆ. ಬಿಸಿನೀರಿನ ಕುಂಡದಲ್ಲಿ ತಲೆ ಮುಳುಗಿಸಬೇಡಿ. ಪತ್ರಿಕೆಯಲ್ಲಿ ‘ಮೆದುಳು ತಿನ್ನುವ ಅಮೀಬಾ’ ಅಂತ ಓದಿರುತ್ತೀರಿ, ಕೇರಳದಲ್ಲಿ ಅದರಿಂದ ಸಾವಾಗಿದೆ. ಅದು ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುತ್ತದೆ, ಸುಮಾರು 46 ಡಿಗ್ರಿ ತನಕ ತಡೆದುಕೊಳ್ಳುತ್ತದೆ, ಮೂಗಿನ ಮೂಲಕ ಒಳಗೆ ಹೋಗುತ್ತದೆ. ಅಪರೂಪ ಹೌದು, ಬಂದರೆ ಬದುಕುವವರೂ ಅಪರೂಪ. ತಂಬಿಗೆಯಲ್ಲಿ ನೀರು ತೆಗೆದು, ಮೂಗು ಹಿಡಿದುಕೊಂಡು, ಹೆಗಲಿಗೆ ಮೂರು ಸಲ ಹೊಯ್ದುಕೊಳ್ಳಿ. ಭಟ್ಟರನ್ನು ಕೇಳಿದರೆ ಪ್ರೋಕ್ಷಣೆಯೂ ಸ್ನಾನವೇ ಅನ್ನುತ್ತಾರೆ, ಅಷ್ಟು ಸಾಕಲ್ಲ.

ಸೋಪು, ಶಾಂಪೂ, ಬಟ್ಟೆ ಒಗೆಯುವುದು ಯಾವುದೂ ಬೇಡ. ಗೋಡೆ ಕಟ್ಟಿ ಮುಚ್ಚಿದ ಸ್ನಾನದ ಕೋಣೆ ಆದರೆ ಒಳಗೆ ಹೋಗುವ ಮೊದಲು ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಡಿ. ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳಬೇಡಿ.

ಚರ್ಮರೋಗ ವಾಸಿಯಾಗುತ್ತದಾ? ಗಂಧಕ ಬೆರೆಸಿದ ಮುಲಾಮು ಕಜ್ಜಿಗೆ ನಿಜಕ್ಕೂ ಔಷಧಿ, ಡಾಕ್ಟರರೂ ಕೊಡುತ್ತಾರೆ. ಆದರೆ ಮುಲಾಮಿನಲ್ಲಿರುವ ಗಂಧಕ ಬೇರೆ, ಈ ನೀರಿನಲ್ಲಿ ಕರಗಿರುವುದು ಬೇರೆ. ಮೈಕೈ ನೋವಿಗೆ ಬಿಸಿನೀರು ಹಿತ ಅನ್ನುವುದರಲ್ಲಿ ಎರಡು ಮಾತಿಲ್ಲ. ತೆರೆದ ಗಾಯ, ಹುಣ್ಣು ಇದ್ದವರು ಮಾತ್ರ ಇಳಿಯಬಾರದು, ತಮ್ಮ ಸಲುವಾಗಿಯೂ, ಬೇರೆಯವರ ಸಲುವಾಗಿಯೂ.

ಬೆಳ್ಳಿ ಬಿಚ್ಚಿಟ್ಟು ಹೋಗಿ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ನಮ್ಮ ಅತ್ತಿಗೆ ಕಟ್ಟೆಯ ಮೇಲೆ ಕೂತು ಕಾಲು ನೀರಿಗೆ ಬಿಟ್ಟಿದ್ದರು. ಹರಟೆ ಹೊಡೆಯುತ್ತ ಹೊತ್ತು ಹೋದದ್ದು ತಿಳಿಯಲಿಲ್ಲ. ಮೇಲೆತ್ತಿದರೆ ಕಾಲುಂಗುರದ ಅಂಚು ಮೊದಲು ಹಳದಿಯಾಗಿ, ನಡುವೆ ನೇರಳೆ ಛಾಯೆ ಬಂದು, ಸುರುಳಿಯ ಸಂದಿನಲ್ಲಿ ಪೂರ್ತಿ ಕಪ್ಪಾಗಿತ್ತು. ‘ತಮ್ಮಾ, ಇದೆಂತಾ ಆಯ್ತು ನೋಡು! ದೇವಿಗೆ ಸಿಟ್ಟು ಬಂತಾ ಎಂತ?’ ಅಂತ ಕಾಲು ಮುಂದೆ ಚಾಚಿದರು. ಸಿಟ್ಟೂ ಇಲ್ಲ, ಎಂತದ್ದೂ ಇಲ್ಲ. ಬೆಳ್ಳಿಯ ಮೇಲ್ಮೈ ಅನಿಲದ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗಿದೆ ಅಷ್ಟೇ. ಮನೆಗೆ ಬಂದು ಒಂದು ಪಾತ್ರೆಗೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಕುದಿನೀರು ಹೊಯ್ದು, ಒಂದೆರಡು ಚಮಚ ಅಡಿಗೆ ಸೋಡಾ ಹಾಕಿ, ಬೆಳ್ಳಿ ಫಾಯಿಲ್‌ಗೆ ತಾಗುವ ಹಾಗೆ ಮುಳುಗಿಸಿಡಿ. ಕೆಲವೇ ನಿಮಿಷದಲ್ಲಿ ಬಿಳಿಯಾಗುತ್ತದೆ. ಹಲ್ಲುಪುಡಿಯಲ್ಲಿ ಉಜ್ಜಿದರೂ ಹೋಗುತ್ತದೆ, ಆದರೆ ಬೆಳ್ಳಿಯೂ ಸ್ವಲ್ಪ ಸವೆಯುತ್ತದೆ.

ದೂರದಿಂದ ಕೈ ಮುಗಿಯಬೇಕಾದ ತೀರ್ಥಗಳು

ನಮ್ಮ ಕಡೆಯ ಹುಡುಗರು ಹಡಗಿನ ಕೆಲಸಕ್ಕೆ ಹೋಗುತ್ತಾರೆ, ನೇಪಲ್ಸ್ ಬಂದರಿಗೂ ಹೋಗುತ್ತಾರೆ. ಅಂಥವರಿಗಾಗಿ ಈ ಭಾಗ. ಒಂದು ದಿನ ಪೂರ್ತಿ ರಜೆ ಸಿಕ್ಕಿ, ಬಾಡಿಗೆ ಕಾರು ಮಾಡುವಷ್ಟು ಜನ ಇದ್ದರೆ, ನೇಪಲ್ಸ್‌ನಿಂದ ಒಳನಾಡಿಗೆ ಅವೆಲ್ಲಿನೋ ಪ್ರಾಂತ್ಯದ ರೊಕ್ಕಾ ಸಾನ್ ಫೆಲಿಚೆ ಅನ್ನುವ ಊರಿಗೆ ಹೋಗಿ. ಅದರ ಕಣಿವೆಯಲ್ಲಿ ಮೆಫೀತೆ ಅನ್ನುವ ಗಂಧಕದ ಕೆರೆ ಇದೆ. ಬೂದು ಬಣ್ಣದ ಕೆಸರು ನೀರು ಕುದಿಯುತ್ತಿರುವಂತೆ ಕಾಣುತ್ತದೆ. ಅಸಲಿಗೆ ನೀರು ತಣ್ಣಗಿದೆ, ಕೆಳಗಿನಿಂದ ನುಗ್ಗುವ ಅನಿಲ ಅದನ್ನು ಕುದಿಸಿದ ಹಾಗೆ ಎಬ್ಬಿಸುತ್ತದೆ. ಸುತ್ತ ಹುಲ್ಲುಕಡ್ಡಿ ಇಲ್ಲ. ದಿನಕ್ಕೆ ಸುಮಾರು 2,000 ಟನ್ ಇಂಗಾಲದ ಡೈಆಕ್ಸೈಡ್ ಅಲ್ಲಿಂದ ಹೊರಬರುತ್ತದೆ ಅಂತ ವಿಜ್ಞಾನಿಗಳು ಅಳೆದಿದ್ದಾರೆ, ಜೊತೆಗೆ ನಮ್ಮ ಪರಿಚಯದ ಹೈಡ್ರೋಜನ್ ಸಲ್ಫೈಡ್.

ಈ ಜಾಗಕ್ಕೆ ಮೆಫೀಟಿಸ್ ಅನ್ನುವ ದೇವತೆ. ಕ್ರಿಸ್ತಪೂರ್ವ 6ನೇ ಶತಮಾನದಿಂದಲೇ ಜನ ಇಲ್ಲಿಗೆ ಹರಕೆ ತಂದು ಒಪ್ಪಿಸುತ್ತಿದ್ದರು. ಕಂಚಿನ ವಸ್ತು, ಅಂಬರ್ ಮಣಿ, ಮರದಲ್ಲಿ ಕೆತ್ತಿದ ಮನುಷ್ಯರೂಪದ ಬೊಂಬೆಗಳು. ಬೇರೆ ಕಡೆ ಆಗಿದ್ದರೆ ಮರ ಎಂದೋ ಮಣ್ಣಾಗುತ್ತಿತ್ತು, ಇಲ್ಲಿ ಉಳಿದಿದೆ. ಅವನ್ನು ನೋಡಬೇಕೆಂದರೆ ಅವೆಲ್ಲಿನೋ ಪಟ್ಟಣದ ಮ್ಯೂಸಿಯಂಗೆ ಹೋಗಬೇಕು, ಹೋಗಲೇಬೇಕು. ಕೆರೆಗಿಂತ ಅದೇ ನೋಡಲು ಹೆಚ್ಚು ಸುರಕ್ಷಿತ ಕೂಡ. ರೋಮನ್ ಕವಿ ವರ್ಜಿಲ್ ಈ ಕಣಿವೆಯನ್ನು ಪಾತಾಳ ಉಸಿರಾಡುವ ಕಂಡಿ ಅನ್ನುವ ಹಾಗೆ ವರ್ಣಿಸಿದ್ದಾನೆ. ರೋಮನ್ ಲೇಖಕ ಪ್ಲಿನಿಯದ್ದು ನೇರ ಮಾತು, ಅಲ್ಲಿ ಒಳಗೆ ಹೋದವರು ಸಾಯುತ್ತಾರೆ. ದೇವತೆಯ ಕಾಲ ಮುಗಿದ ಮೇಲೆ ಹತ್ತಿರದಲ್ಲಿ ಸಂತ ಫೆಲಿಚಿತಾ ಹೆಸರಿನ ಚರ್ಚ್ ಬಂತು. ದೇವರು ಬದಲಾದರೂ ಜಾಗ ಬಿಡಲಿಲ್ಲ ಜನ.

ಅಲ್ಲಿ ಹೋದಾಗ ಹೇಗೆ? ಗಾಳಿ ಬೀಸುವ ದಿನ ಮಾತ್ರ ಹೋಗಿ. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಕೆರೆಯ ಕಡೆಗೆ ಬೀಸುತ್ತಿರಬೇಕು. ಎತ್ತರದ ಜಾಗದಲ್ಲಿ ನಿಲ್ಲಿ, ಕಣಿವೆಗೆ ಇಳಿಯಬೇಡಿ, ಬೇಲಿ ದಾಟಬೇಡಿ. ಗಾಳಿ ಬಿದ್ದ ದಿನ, ಮುಂಜಾನೆ, ಸಂಜೆ, ಮಂಜು ಮುಸುಕಿದಾಗ ಹತ್ತಿರ ಸುಳಿಯಲೇಬೇಡಿ. ಸೆಲ್ಫಿಗೆ ಕೂರುವುದು, ಬಗ್ಗುವುದು ಬೇಡ. ಜೊತೆಗಿದ್ದವರು ಬಿದ್ದರೆ ಎಳೆಯಲು ಓಡಬೇಡಿ, ಹೇಳುವುದಕ್ಕೆ ಕಷ್ಟದ ಮಾತು, ಆದರೆ ಬಾವಿಯಲ್ಲಿ, ಗುಂಡಿಯಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಸಾಯುವುದು ಇದೇ ಕಾರಣಕ್ಕೆ. ಇಟಲಿಯಲ್ಲಿ ತುರ್ತು ನಂಬರ್ 112. ವಾಪಸ್ ಬರುವಾಗ ಆ ಸುತ್ತಿನ ಕುರಿಹಾಲಿನ ಕಾರ್ಮಾಶಾನೋ ಚೀಸ್ ಸಿಕ್ಕಿದರೆ ರುಚಿ ನೋಡಿ. ಗಂಧಕದ ಗಾಳಿ ತಾಗಿದ ಹುಲ್ಲು ತಿಂದ ಕುರಿಗಳು, ಅದಕ್ಕೇ ಆ ರುಚಿ ಅಂತ ಅಲ್ಲಿಯವರು ಹೇಳುತ್ತಾರೆ.

ಮುಂಜಾನೆ ಯಾಕೆ ಬೇಡ ಅನ್ನುವುದಕ್ಕೆ ಟರ್ಕಿಯ ಹಿಯೆರಾಪೊಲಿಸ್ ಸಾಕ್ಷಿ. ಈಗಿನ ಪಾಮುಕ್ಕಲೆ. ಅಲ್ಲಿ ಪಾತಾಳದ ದೇವರ ಗುಹೆ ಇತ್ತು. ಪೂಜಾರಿಗಳು ಹೋರಿಗಳನ್ನು ಒಳಗೆ ಕರೆದೊಯ್ಯುತ್ತಿದ್ದರು. ಹೋರಿ ಬಿದ್ದು ಸಾಯುತ್ತಿತ್ತು, ಪೂಜಾರಿ ನಡೆದು ಹೊರಗೆ ಬರುತ್ತಿದ್ದ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ತಾನೇ ಗುಬ್ಬಿಗಳನ್ನು ಒಳಗೆ ಎಸೆದು ನೋಡಿದ, ಕೂಡಲೇ ಸತ್ತವು ಅಂತ ಬರೆದ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗುಟ್ಟು ಗೊತ್ತಾಯಿತು. ಇಂಗಾಲದ ಡೈಆಕ್ಸೈಡ್ ರಾತ್ರಿಯಿಡೀ ನೆಲದ ಮೇಲೆ ಕೆರೆಯ ಹಾಗೆ ನಿಲ್ಲುತ್ತದೆ. ನಸುಕಿನಲ್ಲಿ ನೆಲದಿಂದ 40 ಸೆಂಟಿಮೀಟರ್ ಎತ್ತರದಲ್ಲಿ ಗಾಳಿಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅದೇ. ಬಿಸಿಲು, ಗಾಳಿ ಬಂದ ಮೇಲೆ ಚದುರುತ್ತದೆ. ಹೋರಿಯ ಮೂಗು ಕೆಳಗೆ, ಪೂಜಾರಿಯ ಮೂಗು ಮೇಲೆ, ಅಷ್ಟೇ ವ್ಯತ್ಯಾಸ. ಆ ಪೂಜಾರಿಗಳಿಗೆ ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ನಿಲ್ಲಬೇಕು ಅಂತ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಗುಮಾನಿ. ಇಂಗಾಲದ ಡೈಆಕ್ಸೈಡ್‌ಗೆ ವಾಸನೆಯೂ ಇಲ್ಲ. 1986ರ ಆಗಸ್ಟ್ 21ರ ರಾತ್ರಿ ಕ್ಯಾಮರೂನ್‌ನ ನ್ಯೋಸ್ ಕೆರೆಯಿಂದ ಇದೇ ಅನಿಲ ಉಕ್ಕಿ ಕಣಿವೆಗೆ ಇಳಿದು ಸುಮಾರು 1,700 ಜನ ಸತ್ತರು.

ಕೆಲವೇ ಗಂಟೆ ರಜೆ ಇದ್ದವರಿಗೆ ಮೆಫೀತೆ ಆಗುವ ಮಾತಲ್ಲ. ಅವರು ನೇಪಲ್ಸ್‌ನ ಮೊಂತೆಸಾಂತೋದಿಂದ ಕುಮಾನಾ ರೈಲು ಹಿಡಿದು ಲುಕ್ರೀನೋದಲ್ಲಿ ಇಳಿದು ಅವೆರ್ನೋ ಕೆರೆಗೆ ನಡೆದು ಹೋಗಬಹುದು. ಜ್ವಾಲಾಮುಖಿಯ ಬಾಯಲ್ಲಿ ನಿಂತ ದುಂಡನೆಯ ಕೆರೆ, ಹಕ್ಕಿ ಮೇಲೆ ಹಾರಿದರೆ ಸತ್ತು ಬೀಳುತ್ತದೆ ಅಂತ ಗ್ರೀಕರು, ರೋಮನ್ನರು ನಂಬಿದ್ದರು, ಪಾತಾಳದ ಬಾಗಿಲೂ ಇಲ್ಲೇ. ಅಂಥ ಜಾಗದಲ್ಲೇ ಕ್ರಿಸ್ತಪೂರ್ವ 37ರಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ಕಾಲುವೆ ತೋಡಿ ಯುದ್ಧನೌಕೆಗಳ ಬಂದರು ಮಾಡಿದ. ನಮ್ಮ ಕಾರವಾರದ ಸೀಬರ್ಡ್ ನೌಕಾನೆಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಈಗ ಅಲ್ಲಿ ಹಕ್ಕಿಗಳು ಆರಾಮಾಗಿ ಈಜಾಡಿಕೊಂಡಿವೆ, ಸುತ್ತ ದ್ರಾಕ್ಷಿ ತೋಟ. ಪಕ್ಕದ ಮೊಂತೆ ನುವೋವೊ ಗುಡ್ಡ 1538ರಲ್ಲಿ ಒಂದು ವಾರದೊಳಗೆ ನೆಲದಿಂದ ಎದ್ದದ್ದು. ಹತ್ತಿರದ ಸೊಲ್ಫಾತಾರಾ ಅನ್ನುವ ಗಂಧಕದ ಬಯಲಿಗೆ ಹಳೇ ಗೈಡ್ ಪುಸ್ತಕ ನಂಬಿ ಹೋಗಬೇಡಿ. 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಒಂದೇ ಕುಟುಂಬದ ಮೂವರು ಸತ್ತ ಮೇಲೆ ಅದನ್ನು ಮುಚ್ಚಿದ್ದಾರೆ. ಆ ಇಡೀ ಪ್ರದೇಶದಲ್ಲಿ ನೆಲ ಮೆಲ್ಲಗೆ ಏಳುತ್ತಿದೆ, ಸಣ್ಣ ಭೂಕಂಪ ಆಗುತ್ತಲೇ ಇರುತ್ತದೆ. ಹೊರಡುವ ದಿನದ ಸುದ್ದಿ ನೋಡಿಕೊಂಡೇ ಹೋಗಿ.

ಬಾಟಲಿಯಲ್ಲಿ ತಂದ ತೀರ್ಥ

ರಾಜಾಪುರದಿಂದ ಬರುವಾಗ ಎಲ್ಲರೂ ಒಂದು ಬಾಟಲಿ ತುಂಬಿಸಿಕೊಳ್ಳುತ್ತಾರೆ. ತನ್ನಿ, ಬೇಡ ಅನ್ನುವುದಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಕುದಿಯುವಷ್ಟು ಬಿಸಿ ನೀರು ತುಂಬಬೇಡಿ, ಮುರುಟುತ್ತದೆ. ಗಾಳಿ ತಾಗಿದ ಮೇಲೆ ವಾಸನೆ ಬೇಗ ಹೋಗಿಬಿಡುತ್ತದೆ, ಅನಿಲ ಹಾರಿ ಹೋಗುತ್ತದೆ. ಆಗ ‘ಶಕ್ತಿ ಹೋಯ್ತು’ ಅಂತ ಅಜ್ಜಿಯಂದಿರು ಬೇಜಾರು ಮಾಡಿಕೊಳ್ಳುತ್ತಾರೆ. ದೇವರ ಮುಂದೆ ಇಡಿ, ತಲೆಗೆ ಪ್ರೋಕ್ಷಿಸಿ. ಕುಡಿಯುವುದು ಬೇಡ, ಮಕ್ಕಳಿಗಂತೂ ಬೇಡವೇ ಬೇಡ. ಇಂಥ ನೀರಿನಲ್ಲಿ ಉಪ್ಪು, ಸಲ್ಫೇಟ್ ಜಾಸ್ತಿ, ಫ್ಲೋರೈಡ್ ಕೂಡ ಇರಬಹುದು. ಸಲ್ಫೇಟ್ ಜಾಸ್ತಿಯಾದರೆ ಹೊಟ್ಟೆ ಸಡಿಲವಾಗುತ್ತದೆ, ಗೋವಾದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಅದು ಯಾರಿಗೂ ಬೇಡ. ಉಳಿದದ್ದನ್ನು ತುಳಸಿಗೆ ಹಾಕದೆ ತೆಂಗಿನಮರದ ಬುಡಕ್ಕೆ ಹೊಯ್ಯಿರಿ, ತೆಂಗು ಉಪ್ಪು ತಡೆದುಕೊಳ್ಳುತ್ತದೆ.